‘ಆಮೇಲೆ?’ ಎಂದರೆ ಗೆದ್ದಂತೆ!

ಕಳೆದ ವರ್ಷ ನಮ್ಮ ಕಾಲೇಜಿನ ಕಿರುಚಿತ್ರ ಕಾರ್ಯಾಗಾರಕ್ಕೆ ನಿರ್ದೇಶಕರೊಬ್ಬರು ಬಂದಿದ್ದರು. ಊಟದ ಬಿಡುವಿನಲ್ಲಿ ಧೈರ್ಯ ಮಾಡಿ ಹತ್ತಿರ ಹೋದೆ. ‘ಸರ್, ನನ್ನ ಹತ್ರ ಒಂದು ಕಥೆ ಇದೆ.’ ‘ಹೇಳಿ, ಎರಡು ನಿಮಿಷ ಇದೆ’ ಎಂದರು. ನಾನು ನಾಯಕನ ಬಾಲ್ಯದಿಂದ ಶುರು ಮಾಡಿದೆ. ಊರು, ಜಾತ್ರೆ, ಫ್ಲ್ಯಾಶ್‌ಬ್ಯಾಕ್, ಅದರೊಳಗೊಂದು ಫ್ಲ್ಯಾಶ್‌ಬ್ಯಾಕ್... ಅವರ ಊಟ ಮುಗಿದರೂ ನನ್ನ ನಾಯಕ ಇನ್ನೂ ಎಸ್ಸೆಸ್ಸೆಲ್ಸಿ ಪಾಸಾಗಿರಲಿಲ್ಲ. ‘ಎಲ್ಲ ಸರಿ, ಅವನಿಗೆ ಬೇಕಾಗಿರೋದು ಏನು?’ ಎಂದು ಕೇಳಿದರು. ಆರು ತಿಂಗಳಿಂದ ಬರೆಯುತ್ತಿದ್ದ ನನ್ನ ಬಳಿ ಉತ್ತರವಿರಲಿಲ್ಲ.

ಹಾಸ್ಟೆಲ್‌ಗೆ ಬಂದು ಇಷ್ಟದ ಸಿನಿಮಾಗಳನ್ನು ಒಂದೊಂದೇ ವಾಕ್ಯದಲ್ಲಿ ಬರೆದು ನೋಡಿದೆ. ‘ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾರೆ; ಕೆಲಸದ ಬೆನ್ನು ಹತ್ತಿ ಅವರನ್ನು ದೂರವಿಟ್ಟಿದ್ದ ಮಗ ಈಗ ಹುಡುಕಿಕೊಂಡು ಹೊರಡಬೇಕು.’ ಇದು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ‘ತಲೆ ಬೋಳಾದ ಕನ್ನಡ ಉಪನ್ಯಾಸಕನಿಗೆ ವರ್ಷದೊಳಗೆ ಮದುವೆಯಾಗಬೇಕು, ಇಲ್ಲವಾದರೆ ಸನ್ಯಾಸಿಯಾಗುತ್ತಾನೆ ಎಂದಿದ್ದಾರೆ ಜ್ಯೋತಿಷಿ.’ ಇದು 2017ರ ‘ಒಂದು ಮೊಟ್ಟೆಯ ಕಥೆ’. ಎರಡರಲ್ಲೂ ಇರುವುದು ಮೂರೇ ಸಂಗತಿ: ಯಾರು, ಏನು ಬೇಕು, ಅಡ್ಡಿ ಏನು. ಪಾತ್ರದ ಹೆಸರೂ ಬೇಕಾಗಲಿಲ್ಲ, ‘ಭಾವನೆಗಳ ಪಯಣ’ದಂಥ ಮಾತೂ ಬೇಕಾಗಲಿಲ್ಲ. ಸಿನಿಮಾ ಮಂದಿ ಇದನ್ನು ‘ಲಾಗ್‌ಲೈನ್’ ಎನ್ನುತ್ತಾರೆ.

ನನ್ನ ಕಥೆಯಲ್ಲಿ ನಾಯಕನ ಅಪ್ಪ ಬಸ್ ಚಾಲಕ. ನಲವತ್ತು ಪುಟಗಳಲ್ಲಿ ಅವರಿಗೆ ಸಿಕ್ಕಿದ್ದು ಎರಡೇ ದೃಶ್ಯ. ಒಂದು ವಾಕ್ಯಕ್ಕೆ ಇಳಿಸಲು ಕೂತಾಗ ಗೊತ್ತಾಯಿತು, ಕಳೆದುಕೊಳ್ಳಲು ಏನಾದರೂ ಇದ್ದದ್ದು ಅವರಿಗೆ ಮಾತ್ರ. ಮಗನನ್ನು ಪಕ್ಕಕ್ಕೆ ಸರಿಸಿ ಬರೆದೆ: ‘ದೃಷ್ಟಿ ಮಂಜಾಗುತ್ತಿರುವುದನ್ನು ಮುಚ್ಚಿಟ್ಟ ಚಾಲಕ, ನಿವೃತ್ತಿಯ ಹಿಂದಿನ ರಾತ್ರಿ ಘಾಟಿಯಲ್ಲಿ ಕೊನೆಯ ಬಸ್ ಓಡಿಸಬೇಕು, ಅದೇ ಬಸ್ಸಿನಲ್ಲಿ ಅವನ ಮಗನಿದ್ದಾನೆ.’

ನನ್ನ ಅಪ್ಪನೂ ಚಾಲಕರೇ. ಆ ರಾತ್ರಿ ಅವರಿಗೆ ಫೋನ್ ಮಾಡಿ, ‘ಕಣ್ಣು ತೋರಿಸಿದ್ರಾ?’ ಎಂದು ಕೇಳಿದೆ. ‘ಏನೋ ಇದ್ದಕ್ಕಿದ್ದಂಗೆ?’ ಎಂದು ನಕ್ಕರು.

ಗೆಳೆಯರೇ, ನಿಮ್ಮ ಬಳಿಯೂ ಕಥೆಯಿದ್ದರೆ ಮೊದಲು ರೂಮ್‌ಮೇಟ್‌ಗೆ ಅರ್ಧ ನಿಮಿಷದಲ್ಲಿ ಹೇಳಿ. ‘ಅಂದ್ರೆ?’ ಎಂದರೆ ತಿದ್ದಬೇಕು. ‘ಆಮೇಲೆ?’ ಎಂದರೆ ಗೆದ್ದಿರಿ. ಪ್ರಾಜೆಕ್ಟ್ ವೈವಾ, ಕೆಲಸದ ಸಂದರ್ಶನಗಳಲ್ಲೂ ಇದು ನಡೆಯುತ್ತದೆ. ಅಲ್ಲೂ ನಾವು ಎಲ್‌ಕೆಜಿಯಿಂದಲೇ ಶುರು ಮಾಡುವವರು!

ನನ್ನ ವಾಕ್ಯ ಕೇಳಿದ ರೂಮ್‌ಮೇಟ್ ಮೊಬೈಲ್ ಕೆಳಗಿಟ್ಟು, ‘ಆಮೇಲೆ?’ ಎಂದ. ಉತ್ತರ ಬರೆಯಲು ಈ ಸೆಮಿಸ್ಟರ್ ರಜೆ ಕಾಯುತ್ತಿದ್ದೇನೆ.