ಡಾಕ್ಟರಿಗೂ ಸಾಕಾಗುತ್ತದೆಯೇ?

ಪ್ರಶ್ನೆ: ನಮ್ಮ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮಧ್ಯಾಹ್ನವಾದರೆ ಸಿಡುಕುತ್ತಾರೆ. ಅವರಿಗೂ ಚಿಕಿತ್ಸೆ ಬೇಕೇ?
— ಓದುಗರು, ಮಧುಗಿರಿ

ಉತ್ತರ: ಒಂದು ದಿನದ ಸಿಡುಕು ಹಸಿವೂ ಇರಬಹುದು! ತಿಂಗಳುಗಟ್ಟಲೆ ಬಿಡದ ದಣಿವು, ಕೆಲಸದ ಮೇಲೆ ಜಿಗುಪ್ಸೆ, ‘ನನ್ನಿಂದ ಏನೂ ಆಗುತ್ತಿಲ್ಲ’ ಎಂಬ ಭಾವ ಮೂರೂ ಸೇರಿದರೆ ಅದು ಬರ್ನ್‌ಔಟ್. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗವೆನ್ನದೆ, ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಿತು. ಅಂದರೆ ತಪ್ಪು ಡಾಕ್ಟರರ ಮನಸ್ಸಿನದಷ್ಟೇ ಅಲ್ಲ, ಡ್ಯೂಟಿ ಪಟ್ಟಿಯದೂ ಹೌದು.

1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಈ ಬಗ್ಗೆ ಬರೆದದ್ದು ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿದು ಬಸವಳಿದವರನ್ನು ಕಂಡು. ಹೆಚ್ಚು ಹಚ್ಚಿಕೊಂಡು ದುಡಿದವರೇ ಮೊದಲು ಸೋಲುತ್ತಿದ್ದರು. ಬಹುಪಾಲು ಆಂಧ್ರದ ನೆಲವೇ ಸುತ್ತುವರಿದ ಪಾವಗಡದಂಥ ತಾಲ್ಲೂಕಿನಲ್ಲಿ ತಜ್ಞರೊಬ್ಬರು ರಜೆ ಹಾಕಿದರೆ ಬದಲಿಗೆ ಯಾರು? ಯೋಗ ಮಾಡಿ ಎಂದು ಉಪದೇಶಿಸುವುದಕ್ಕಿಂತ ಖಾಲಿ ಹುದ್ದೆ ತುಂಬುವುದು ಒಳ್ಳೆಯ ಮದ್ದು.

ಆಸ್ಪತ್ರೆಯಾಚೆಗೊಂದು ಬದುಕೂ ಬೇಕು. ಬೆಂಗಳೂರಿನ ಡಾ. ಎಂ. ಶಿವರಾಂ ರೋಗಿಗಳನ್ನು ನೋಡುತ್ತಲೇ 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಆರಂಭಿಸಿ 25 ವರ್ಷ ನಡೆಸಿದರು. ‘ರಾಶಿ’ ಎಂದೇ ಹೆಸರಾದರು. ಮನಸ್ಸಿನ ಕುರಿತ ಅವರ ‘ಮನ ಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎಲ್ಲರೂ ಪತ್ರಿಕೆ ನಡೆಸಬೇಕಿಲ್ಲ, ಬಿಡಿ.

ದಣಿವು ನಿದ್ದೆ ಕೆಡಿಸುವಷ್ಟಾದರೆ ಟೆಲಿ ಮನಸ್ ಸಹಾಯವಾಣಿ 14416 ಇದೆ; ಉಚಿತ, ಹಗಲಿರುಳೂ ಲಭ್ಯ. ಡಾಕ್ಟರೂ ಕರೆ ಮಾಡಬಹುದು.