ಬ್ಯಾರೆಯವರ ಕಂಪ್ಯೂಟರ್‌ನಾಗ ನಿಮ್ಮ ಪಾಸ್‌ವರ್ಡ್ ಉಳಿದಾವೇನು?

ತಂಗಿಯ ಸ್ಕಾಲರ್‌ಶಿಪ್ ಅರ್ಜಿ ಹಾಕಾಕ ಚಡಚಣದ ಒಂದು ಆನ್‌ಲೈನ್ ಸೆಂಟರ್‌ಗೆ ಹೋಗಿದ್ದೆ. ಮಾರ್ಕ್ಸ್‌ಕಾರ್ಡ್ ನನ್ನ ಜಿಮೇಲ್‌ನಲ್ಲಿತ್ತು. ಸೈನ್ ಇನ್ ಆದೆ. ಕ್ರೋಮ್ 'ಸಿಂಕ್ ಮಾಡಲಾ?' ಅಂತು, ಗಡಿಬಿಡಿಯೊಳಗ 'ಯೆಸ್' ಒತ್ತಿದೆ. ಮನಿಗೆ ಬಂದಮ್ಯಾಲೆ ಎದಿ ಧಸಕ್ ಅಂತು: ಫೋನಿನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡ್‌ಗಳೆಲ್ಲ ಆ ಕಂಪ್ಯೂಟರ್‌ಗೂ ಹೋಗಿದ್ವು!

ಹಿಂಗಾದ್ರ ಏನು ಮಾಡಬೇಕು? ಫೋನಿನ ಗೂಗಲ್ ಅಕೌಂಟ್‌ನಲ್ಲಿ ಸೆಕ್ಯುರಿಟಿ ವಿಭಾಗಕ್ಕೆ ಹೋಗಿ, ನಿಮ್ಮ ಡಿವೈಸ್‌ಗಳ ಪಟ್ಟಿಯಿಂದ ಆ ಕಂಪ್ಯೂಟರನ್ನು ಸೈನ್ ಔಟ್ ಮಾಡ್ರಿ. ಅಷ್ಟಕ್ಕೇ ಮುಗೀಲಿಲ್ಲ. ಮೊದಲೇ ಇಳಿದ ಪಾಸ್‌ವರ್ಡ್ ಅಲ್ಲೇ ಉಳಿದಿರಬಹುದು. ಅದಕ್ಕ ಗೂಗಲ್, ಬ್ಯಾಂಕ್ ಪಾಸ್‌ವರ್ಡ್ ಮೊದಲು ಬದಲಿಸ್ರಿ, ಆಮ್ಯಾಲೆ ಉಳಿದವು. ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಇಡ್ರಿ.

ಇನ್ನೊಮ್ಮೆ ಸೆಂಟರ್‌ಗೆ ಹೋದಾಗ ಇನ್‌ಕಾಗ್ನಿಟೋ ವಿಂಡೋ ತೆರೀರಿ. ಕೆಲಸ ಮುಗಿದ ಕೂಡಲೇ ಅದನ್ನ ಮುಚ್ಚೇ ಏಳ್ರಿ.