ಪರಸಿಯ ಕೆಳಗಿನ ತೇವ

ಶಹಾಬಾದ ಸಮೀಪದ ಭಂಕೂರಿನಲ್ಲಿ ಮನೆಯ ನೆಲವೆಂದರೆ ಪ್ರಾಯಶಃ ಪರಸಿಯೇ. ಪದರಪದರವಾಗಿ ಸೀಳಿಬರುವ ಈ ಸುಣ್ಣಶಿಲೆಗಿಂತ ಹಾಸಲು ಅನುಕೂಲವಾದುದು ದುರ್ಲಭ. ಶಿಲೆಯೇನೋ ಸಾಂದ್ರವಾದುದು, ಆದರೆ ಎರೆಮಣ್ಣಿರುವೆಡೆ, ಮಳೆಗಾಲದಲ್ಲಿ ಆ ಮಣ್ಣು ಹೀರಿಕೊಂಡ ತೇವವು ಸೂಕ್ಷ್ಮರಂಧ್ರಗಳ ಆಕರ್ಷಣದಿಂದ ಮೇಲೇರಿ, ಸಂದುಗಳಲ್ಲಿ ಹೊರಬಿದ್ದು, ತಾನು ಆರಿದೆಡೆ ಬಿಳಿಯ ಲವಣವನ್ನುಳಿಸಿ, ಗೋಡೆಬುಡದ ಗಿಲಾವನ್ನು ಉದುರಿಸುವುದು. ಅದರ ಮೇಲೆ ಬಣ್ಣ ಬಳಿಯುವುದು ವ್ಯರ್ಥ ವ್ಯಯವೆಂದೇ ನನ್ನ ಮತ; ತೇವವನ್ನು ತಡೆಯಬೇಕಾದುದು ನೆಲದಡಿಯಲ್ಲೇ.

ಅಮೆರಿಕದಲ್ಲಿ, ನೆಲದಡಿ ತೆವಳಿಹೋಗುವಷ್ಟು ಪೊಳ್ಳು ಬಿಟ್ಟು ಕಟ್ಟಿದ ಮನೆಗಳಲ್ಲಿ, ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಆವಿಯನ್ನು ತಡೆಯುವರು. ನಮ್ಮಲ್ಲಿ ಆ ಪೊಳ್ಳಿಲ್ಲ. ಹಾಳೆಯ ಸ್ಥಾನ ಪರಸಿಯ ತಳದಲ್ಲಿ. ಮುರುಮು ತುಂಬಿ ದಮ್ಮಸು ಮಾಡಿದ ಮೇಲೆ, ಕಲ್ಲಿನ ಮೊನೆ ಚುಚ್ಚದಂತೆ ಮರಳು ಹರಡಿ, 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆಯನ್ನು, ಅಂಚಿನ ಮೇಲೆ ಅಂಚು ಸುಮಾರು 15 ಸೆಂಟಿಮೀಟರ್ ಬರುವಂತೆ ಹಾಸಿ, ಟೇಪಿನಿಂದ ಬಂಧಿಸಿ, ಗೋಡೆಯ ಮಗ್ಗುಲಲ್ಲಿ ಮೇಲಕ್ಕೆ ಮಡಚಿ, ಬುನಾದಿಯ ಮೇಲಣ ತೇವತಡೆಯ ಪದರಕ್ಕೆ ಕೂಡಿಸತಕ್ಕದ್ದು; ಆಮೇಲೆ ಕಾಂಕ್ರೀಟು, ಅದರ ಮೇಲೆ ಪರಸಿ. ಅವಸರದ ಮೇಸ್ತ್ರಿ ಬಿಟ್ಟುಬಿಡುವುದು ಈ ಕೂಡಿಕೆಯನ್ನೇ.

ಹಳೆಯ ಮನೆಯಾದರೆ, ಪರಸಿ ಕೀಳುವ ಮುನ್ನ ಬಚ್ಚಲ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತಿದೆಯೇ ನೋಡಿರಿ. ನಿಂತಿದ್ದರೆ ಮೊದಲು ಅದನ್ನು ಮೋರಿಯ ಮೂಲಕ ದೂರಕ್ಕೆ ಹರಿಸಿರಿ.